ಐರಿಸವ್ವನ ಕಾವಲು

ರಾಜಾಬಕ್ಷಿ, ಪಂಪು ಇಳಿಸು.
ಇಲ್ಲಲ್ಲ, ಗೇಟಿನ ಆ ಕಡೆ.
ಹುಲ್ಲಿಗೆ ಹೊಡಿ ಅಂದಿದ್ರ ಅದು ಸಾಹೇಬರ ಮಾತು,
ಈ ಹನ್ನೊಂದು ಗಿಡ ನನ್ನವು.

ಐರಿಸ್ ಅಂದಿದ್ರು ಹಳೇ ಮ್ಯಾನೇಜರು.
ಊಟಿಯಿಂದ ಶುಂಠಿಯಂಥಾ ಗಡ್ಡಿ ತಂದು
ನನ್ನ ಉಡಿಯಾಗ ಹಾಕಿ
ವರ್ಗ ಆಗಿ ಹೋದ್ರು.
ನಾ ಐರಿಸವ್ವ ಅಂತ ಕರದ್ನಿ.
ಕುಷ್ಟಗಿ ಬಿಸಲು ಅಕಿಗೆ ಒಗ್ಗಲಿಲ್ಲ,
ಮೂರು ವರ್ಷ ಬರೇ ಎಲಿ.
ಹ್ವಾದ ಪುಷ್ಯದಾಗ, ಬೇವಿನ ನೆರಳಾಗ,
ಒಂದು ನಸುಕಿನ್ಯಾಗ
ಮೂರು ನೀಲಿ ನಾಲಿಗಿ ಚಾಚಿ
ನನ್ನ ಅಣಕಿಸಿದ್ಲು.

ಈ ಸಲ ಮೊಗ್ಗಿನ ಕುತ್ತಿಗೀಗೆ ಹೇನು ಹತ್ಯಾವ.
ಹೌದು, ನಿನಕಿಂತ ಮೊದ್ಲ ನೋಡೀನಿ.
ಇರುವಿ ಸಾಲುಗಟ್ಟಿ ಏರಿ
ಹೇನಿನ ಬೆನ್ನು ತಡವಿ ಸಿಹಿ ಹಿಂಡ್ಕೊಳ್ಳತಾವ,
ನಾವು ಎಮ್ಮಿ ಹಿಂಡಿದಂಗ.
ದನ ಕಾಯೋರನ್ನ ಮೊದ್ಲ ಓಡಿಸಬೇಕು, ಆಮ್ಯಾಲ ದನ.
ಬುಡಕ್ಕ ಒಲಿ ಬೂದಿ ಗೆರಿ ಎಳದೀನಿ.

“ಒಂದು ಮುಚ್ಚಳ ಎಣ್ಣಿ ಸಾಕಬೇ, ಸಂಜೀಗೆ ಎಲ್ಲಾ ಕ್ಲೀನು” ಅಂತಿ.
ಕ್ಲೀನು.
ಆ ಮಾತು ಗೊತ್ತೈತಿ ನನಗ.

ಹನ್ನೆರಡು ವರ್ಷದಾಕಿ ಇದ್ದಾಗ
ಹತ್ತಿ ಬೀಜದ ಪ್ಲಾಟಿಗೆ ಹೋಗ್ತಿದ್ನಿ.
ಮಧ್ಯಾಹ್ನ ಹೆಣ್ಣು ಸಾಲಿನ ಮೊಗ್ಗಿ ಬಿಡಿಸಿ
ಉಗುರಿಲೆ ಕೇಸರ ಕಿತ್ತು
ಕೆಂಪು ಕಾಗದ ಸಿಗಸೋದು,
ಮರುದಿನ ಮುಂಜಾನೆ ಗಂಡು ಹೂ ತಂದು ತಿಕ್ಕೋದು.
ನಾವು ಸಾಲಿನ್ಯಾಗ ಇರಬೇಕಾದ್ರನ ಎಣ್ಣಿ ಹೊಡೀತಿದ್ರು.
ಬುತ್ತಿ ಬಿಚ್ಚಿದ್ರ ರೊಟ್ಟಿಗೂ ಅದ ವಾಸನಿ.
ಒಂದಿನ ಬದುವಿನ ಮ್ಯಾಲ
ಹುರಿದ ಹುರುಳಿ ಚೆಲ್ಲಿದಂಗ ಜೇನು ಬಿದ್ದಿದ್ವು.
ಒಂದು ಸತ್ರೂ
ಕಾಲಾಗಿನ ಹಳದಿ ಪುಡಿ ಬಿಟ್ಟಿದ್ದಿಲ್ಲ.
ಹುಸೇನಬಿ ಅದನ್ನ ಅಂಗೈಯಾಗ ಇಟ್ಕೊಂಡು
“ಇದರ ಪಗಾರ ಯಾರ ಕೊಡ್ತಾರ?” ಅಂದ್ಲು.
ನಕ್ವಿ. ಸಣ್ಣವರು.
ಇಡೀ ಪ್ಲಾಟು ಕ್ಲೀನು,
ಜೇನಿನ ಕೆಲಸ ನಮ್ಮ ಉಗುರಿಗೆ.

ಉಗುರು ಅವ ಅದಾವ, ನೋಡು.
ಆಗ ಹೂ ಬಿಚ್ಚಿದ್ವು, ಈಗ ಹುಳ ಹೊಸಕ್ತಾವ.
ನಾ ಏನು ದಯದಾಕಿ ಅಲ್ಲಪಾ.
ರಾತ್ರಿ ಬ್ಯಾಟ್ರಿ ಹಿಡಕೊಂಡು ಎಲಿ ಎಲಿ ಸರಿಸಿ
ಕಂಬಳಿಹುಳ ಹೆಕ್ಕಿ ಅಂಟವಾಳದ ನೀರಿಗೆ ಹಾಕ್ತೀನಿ.
ಎಲಿಯೊಳಗ ಸುರಂಗ ಕೊರದಿದ್ರ
ಬೆಳಕಿಗೆ ಹಿಡಿದು
ಕರೀ ಚುಕ್ಕಿ ಎಲ್ಲಿಗೆ ಮುಟ್ಟೈತಿ ನೋಡಿ
ಅಲ್ಲೇ ಚಿವುಟ್ತೀನಿ.
ಬೇವಿನ ಬೀಜದ ನೀರು ಹೊತ್ತು ಮುಣುಗಿದ ಮ್ಯಾಲ,
ಜೇನು ಮನಿ ಸೇರಿದ ಮ್ಯಾಲ.
ಎಣ್ಣಿ ಅಂದ್ಯಲ್ಲ, ನನ್ನ ಕಡೇನೂ ಐತಿ:
ಹಳದಿ ಬಣ್ಣದ ಡಬ್ಬಿ, ಮ್ಯಾಲ ಔಡಲೆಣ್ಣಿ.
ನುಸಿ ತಾವಾಗೇ ಬಂದು ಅಂಟ್ಕೊಳ್ತಾವ.
ನಿನ್ನೆ ನೂರಾ ನಾಲ್ಕು.

ಇಲ್ಲಿ ಬಗ್ಗು.
ಗುಲಗಂಜಿಯಂಥಾ ಹುಳ ಕಾಣ್ತೈತಿ?
ಮುಂಜಾನಿಂದ ಹದಿನೇಳು ಹೇನು ತಿಂದೈತಿ.
ಇದಕ್ಕ ಜೋಡಿ ಇರಲಿ ಅಂತ
ಬಸ್ ಸ್ಟ್ಯಾಂಡಿನ ಹಿಂದಿನ ಅಲಸಂದಿ ಹೊಲದಿಂದ
ಬೆಂಕಿಪೆಟ್ಟಿಗಿಯಾಗ ಒಂದು ತಂದಿದ್ನಿ.
ತೆಗದು ನೋಡ್ತೀನಿ, ಖಾಲಿ.
ಯಾವ ಸಂದಿಲೆ ಹ್ವಾತೋ.

ಆ ಹೂವಿಗೆ ತೂತು ಬಿದ್ದೈತಿ, ನನಗೂ ಕಾಣ್ತೈತಿ.
ಬೀಳಲಿ.
ನೀಲಿ ಇನ್ನೂ ಐತಲ್ಲ ಸುತ್ತ.
ಸಾಹೇಬರಿಗೆ ನಾ ಹೇಳ್ಕೋತೀನಿ,
ನಿನ್ನ ಕೂಲಿ ಎಲ್ಲಿ ಹೋಗಂಗಿಲ್ಲ.

ಕೈ ತೊಳ್ಕೋ ಹೋಗು,
ಮೊಣಕೈ ತನಕ, ಎರಡು ಸಲ.
ಬಂದು ಆ ಗುಂಡುಕಲ್ಲು ತಗೊಂಡು ಕುಂದ್ರು.
ಒಂದು ಸೇರು ಬೇವಿನ ಬೀಜ ಜಜ್ಜೋದೈತಿ.
ನನ್ನ ಬೆರಳು ಈಗೀಗ ಜೋಮು ಹಿಡೀತಾವ.
ಯಾಕಂತ ಕೇಳಬ್ಯಾಡ.